ಗೋದಾವರಿಬಾಯಿಯ ಸಾಕ್ಷಿ

ಛತ್ರಪತಿ ಸಂಭಾಜಿನಗರದ ಕುಟುಂಬ ನ್ಯಾಯಾಲಯದಲ್ಲಿ ಗೋದಾವರಿಬಾಯಿ ಸಾಕ್ಷಿಕಟ್ಟೆ ಹತ್ತಿದಾಗ ಅವರ ಸೊಸೆ ಪ್ರಾಚಿ ಕಣ್ಣು ಮುಚ್ಚಿಕೊಂಡಳು. ಉಳಿದಿದ್ದುದು ಇದೊಂದೇ ಸಾಕ್ಷಿ, ಅದೂ ಗಂಡನ ಕಡೆಯದು. ಬೆಳಿಗ್ಗೆ ನ್ಯಾಯಾಧೀಶೆ ಪ್ರಾಚಿಯ ಏಳು ವರ್ಷದ ಮಗಳು ಗಾರ್ಗಿಯನ್ನು ತಮ್ಮ ಕೋಣೆಗೆ ಕರೆದು ಮಾತಾಡಿಸಿದ್ದರು. ಅಮ್ಮನನ್ನು 'ಆಯಿ' ಎನ್ನುವ ಹುಡುಗಿ ನೆಲ ನೋಡುತ್ತ ಹೇಳಿದ್ದಳಂತೆ: "ನನಗೆ ಆಯಿ ಬೇಡ. ಆಯಿಗೇ ನಾನು ಬೇಡವಾಗಿದ್ದೇನೆ."

"ಧೈರ್ಯ ಬಿಡ್ಬೇಡಿ ಮಾರಾಯ್ರೆ," ಎಂದು ಪಿಸುಗುಟ್ಟಿದರು ಪ್ರಾಚಿಯ ವಕೀಲ ಜಯಕರ ಶೆಟ್ಟರು. ಕುಂದಾಪುರದಿಂದ ಬಂದು ನಾಶಿಕದಲ್ಲಿ ಹೋಟೆಲು ಇಟ್ಟವರ ಮಗ ಅವರು. "ಕೋರ್ಟು ನೋಡುವುದು ಮಗುವಿನ ಹಿತ ಒಂದೇ. ಅಪ್ಪನ ಹಕ್ಕೂ ಅಲ್ಲ, ಅಮ್ಮನ ಹಕ್ಕೂ ಅಲ್ಲ." ಹಾಗೆ ಹೇಳಿದರೇ ಹೊರತು ಅವರ ದನಿಯಲ್ಲೂ ಧೈರ್ಯವಿರಲಿಲ್ಲ.

ಗಂಡ ಅತುಲನ ವಾದ ಸರಳವಾಗಿತ್ತು. ಪ್ರಾಚಿ ನಾಶಿಕದಲ್ಲಿ ಬ್ಯಾಂಕಿನ ಕೆಲಸದವಳು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಇಲ್ಲಿಯಾದರೆ ಮನೆಯಲ್ಲಿ ಅಜ್ಜಿ ಇದ್ದಾರೆ. ದೀಪಾವಳಿ ರಜೆಗೆಂದು ಕರೆತಂದ ಮಗು ಇಲ್ಲಿಯ ಶಾಲೆಗೇ ಹೊಂದಿಕೊಂಡಿದೆ. ವಿಚ್ಛೇದನದ ಮೊಕದ್ದಮೆ ಮುಗಿಯುವವರೆಗಾದರೂ ಅದನ್ನು ಕದಲಿಸುವುದೇಕೆ?

ಅವನ ವಕೀಲರು ಮರಾಠಿಯಲ್ಲಿ ಕೇಳತೊಡಗಿದರು.

"ಅಜ್ಜಿ, ಗಾರ್ಗಿಗೆ ಊಟ ಯಾರು ಹಾಕುತ್ತಾರೆ?"

"ನಾನು."

"ಜಡೆ?"

"ಅದೂ ನಾನೇ."

"ಅಂದರೆ ನಿಮ್ಮ ಮನೆಯಲ್ಲಿ ಮಗುವಿಗೆ ಯಾವ ಕೊರತೆಯೂ ಇಲ್ಲ."

ಇಲ್ಲ ಎನ್ನಬೇಕಿತ್ತು. ಮಗ ಹಾಗೆಂದೇ ಹೇಳಿಕೊಟ್ಟಿದ್ದ. ಗೋದಾವರಿಬಾಯಿ ಕಟಕಟೆಯ ಅಂಚು ಹಿಡಿದು ಅವನ ಕಡೆ ನೋಡಿದರು. ಯಜಮಾನರು ಹೋದ ಮೇಲೆ ಅವರ ಅನ್ನ, ಔಷಧ, ಸೂರು ಎಲ್ಲ ಅವನದೇ. ಮೊಮ್ಮಗಳು ಬಂದ ಮೇಲಂತೂ ಆ ಮನೆಯಲ್ಲಿ ಬೆಳಗಾಗುವುದನ್ನೇ ಆಸೆಯಿಂದ ಕಾಯುವಂತಾಗಿತ್ತು. ಅವರ ಮರಾಠಿ ಅಲ್ಲಿಗೇ ನಿಂತುಹೋಯಿತು. ವಿಜಯಪುರದ ತವರಿನ ಮಾತು ಬಾಯಿಗೆ ಬಂತು.

"ಕೊರತಿ ಅದರೀ."

ವಕೀಲರು ಮರಾಠಿಯಲ್ಲೇ ಹೇಳಬೇಕೆಂದು ತಡೆಯಹೋದರು. ನ್ಯಾಯಾಧೀಶೆ ಕೈಯೆತ್ತಿದರು. "ಹೇಳ್ರಿ ಅಜ್ಜಿ. ನಮ್ಮೂರು ಅಕ್ಕಲಕೋಟ. ನನಗ ತಿಳೀತದ."

"ಈಕಿ ದರ ಶನಿವಾರ ನಾಶಿಕದಿಂದ ಬಸ್ಸಿಗೆ ಬಂದು ನಮ್ಮ ಗೇಟಿನ ಮುಂದ ನಿಂತಿರ್ತಾಳ್ರಿ, ಬಿಸಲಾಗ. ನನ್ನ ಮಗ ಕೂಸನ್ನ ಹಿಂದಿನ ಖೋಲಿಗೆ ಕರ್ಕೊಂಡು ಹೋಗಿ ಟಿವಿ ಜೋರ್ ಮಾಡ್ತಾನ. ಈಕಿ ನಿಂತು ನಿಂತು ಹೋದ ಮ್ಯಾಲೆ ಆ ಕೂಸು ನನ್ನ ಕೇಳ್ತದ, 'ಅಜ್ಜಿ, ಇವತ್ತೂ ಆಯಿ ಬರಲಿಲ್ಲ ಅಲ್ಲಾ?' ಅಂತ. ಊಟಾ ಹಾಕ್ತೀನಿ, ಜಡಿ ಹಾಕ್ತೀನಿ. ಆ ಮಾತಿಗೆ ನಾ ಏನು ಹಾಕ್ಲಿರೀ?"

"ಅಮ್ಮಾ!" ಅತುಲ ಕೂಗಿ ಎದ್ದು ನಿಂತ. ನ್ಯಾಯಾಧೀಶೆ ಕೂರುವಂತೆ ಅವನಿಗೆ ಸನ್ನೆ ಮಾಡಿ, ಅಜ್ಜಿಯತ್ತ ತಿರುಗಿದರು. "ಹಂಗಾದ್ರ ಕೂಸು ಎಲ್ಲಿರ್ಬೇಕು ಅಂತೀರಿ?"

"ತಾಯಿ ಹಂತೇಕ್ರಿ. ಕೂಸನ್ನ ಬಿಟ್ಟಿರೂದು ನನಗ ಆಗೂದಿಲ್ಲ. ಆದ್ರೂ ಅಲ್ಲೇ ಇರ್ಲಿ."

ಗಾರ್ಗಿಯನ್ನು ಮತ್ತೆ ಕರೆಸಿದರು. ಗೋದಾವರಿಬಾಯಿ ಕಟಕಟೆಯಿಂದ ಇಳಿದು, ಮಂಡಿನೋವಿಗೆ ಮುಲುಗುತ್ತ ಅವಳ ಮುಂದೆ ಕುಕ್ಕರಿಸಿದರು. "ಪುಟ್ಟಿ, ನಿನ್ನ ಆಯಿ ಬರ್ತಿದ್ದಳವ್ವಾ. ಎಲ್ಲಾ ಶನಿವಾರ ಬಂದಾಳ. ನಾ ಕಿಡಕಿಯಿಂದ ನೋಡೀನಿ. ನಿನ್ನಪ್ಪ ಬಾಗಲಾ ತಗೀಲಿಲ್ಲ."

ಕನ್ನಡ ತಿಳಿಯುತ್ತಿದ್ದರೂ ಗಾರ್ಗಿಯ ನಾಲಗೆಗೆ ಬರುವುದು ಮರಾಠಿಯೇ. "ಖರಂಚ?" ನಿಜವೇ ಎಂದು ಕೇಳಿದಳು.

"ಖರೇನ. ನಿನ್ನಾಣಿ."

ಹುಡುಗಿ ತಾಯಿಯತ್ತ ತಿರುಗಿ ನೋಡಿದಳು. ಆಮೇಲೆ "ಆಯೀ!" ಎಂದು ಅವಳು ಕೂಗಿದ ಕೂಗಿಗೆ ಬಾಗಿಲಾಚೆಯ ಪೇದೆ ಕೂಡ ಒಳಗೆ ಇಣುಕಿದ. ಮೇಜು ಸುತ್ತಿ ಬರುವಷ್ಟು ತಾಳ್ಮೆ ಅವಳಿಗಿರಲಿಲ್ಲ. ವಕೀಲರ ಕಾಲುಗಳ ನಡುವೆ, ಮೇಜಿನ ಅಡಿಯಿಂದಲೇ ನುಸುಳಿ ಬಂದಳು. ಪ್ರಾಚಿ ನೆಲಕ್ಕೇ ಕುಸಿದು ಅವಳನ್ನು ಅವುಚಿಕೊಂಡಳು.

ಊಟದ ವಿರಾಮದ ನಂತರ ಆದೇಶವಾಯಿತು. ವಿಚ್ಛೇದನದ ಮೊಕದ್ದಮೆ ತನ್ನ ಪಾಡಿಗೆ ನಡೆಯಲಿ, ಮಗು ಈಗಿಂದೀಗಲೇ ತಾಯಿಯ ಬಳಿ. ತಂದೆ ರಜಾದಿನಗಳಲ್ಲಿ ಕಾಣಬಹುದು. "ನಮ್ಮ ಅತ್ತೆಯವರು ಯಾವಾಗ ಬೇಕಾದರೂ ಬರಬಹುದು ಅಂತ ಅದರಲ್ಲೇ ಸೇರಿಸಿ ಮೇಡಂ," ಎಂದಳು ಪ್ರಾಚಿ. ನ್ಯಾಯಾಧೀಶೆ ಸೇರಿಸಿದರು. ವರಾಂಡದಲ್ಲಿ ಜಯಕರ ಶೆಟ್ಟರು ಕರಿಕೋಟು ಹೆಗಲಿಗೆ ಎಸೆದುಕೊಂಡು, "ಗೆದ್ದೆವು ಮಾರಾಯ್ರೆ, ಗೆದ್ದೆವು!" ಎಂದು ಕಂಡಕಂಡವರ ಕೈ ಕುಲುಕಿದರು. ಗಾರ್ಗಿ ತಾಯಿಯ ಸೊಂಟ ಏರಿ ಕೂತವಳು, ಕಾಲು ಅವಳ ಮೊಣಕಾಲಿನವರೆಗೆ ಜೋತಾಡುತ್ತಿದ್ದರೂ ಇಳಿಯಲು ಒಪ್ಪಲಿಲ್ಲ.

ಮೆಟ್ಟಿಲ ಬಳಿ ಅತುಲ ತಾಯಿಗೆ ಅಡ್ಡ ನಿಂತ. ಅವನ ಕಣ್ಣುಗಳು ಕೆಂಪಾಗಿದ್ದವು.

"ನೀ ಯಾರ ತಾಯಿ ಅಮ್ಮಾ? ಎಲ್ಲಾರ ಮುಂದ ನನ್ನ ಕೈ ಬಿಟ್ಟಿಯಲ್ಲಾ?"

ಗೋದಾವರಿಬಾಯಿ ಸೆರಗಿನಿಂದ ಅವನ ಮುಖ ಒರೆಸಿದರು.

"ತಾಯಿ ಕೈ ಬಿಟ್ಳು ಅಂತ ನಲವತ್ತು ದಾಟಿದ ನಿನಗ ಇಷ್ಟು ಸಂಕಟ ಆಗ್ತದ. ಆಕಿಗೆ ಇನ್ನೂ ಏಳೇ ವರ್ಷೋ, ಅತುಲಾ."