ನಾಲ್ಕನೇ ಶಾಲು

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ನಾನು, ಭಾನುವಾರಗಳಂದು ಒಂದು ಬೈಕ್ ರಿಪೇರಿ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ಅಲ್ಲಿ ಕಲಿಯುವ ಹನ್ನೆರಡು ಹುಡುಗರಿಂದ ಮಾಲೀಕ ತಲೆಗೆ ಆರು ಸಾವಿರ ಕಟ್ಟಿಸಿಕೊಂಡಿದ್ದ. ಕಲಿಸುವ ನನಗೆ ಮಾತ್ರ ವಾರಕ್ಕೊಂದು ಶಾಲು, ಒಂದು ಹಾರ.

ನಾಲ್ಕನೇ ವಾರ ಬಾಗಿಲಲ್ಲೇ ಕೇಳಿದೆ. "ಇವತ್ತಾದ್ರೂ ದುಡ್ಡು ಕೊಡ್ತೀರಾ ಸಾರ್?"

"ಛೇ ಛೇ, ಗುರುಗಳು ನೀವು! ವಿದ್ಯೆಗೆ ಬೆಲೆ ಕಟ್ಟೋಕಾಗುತ್ತೇನ್ರೀ?" ಎಂದು ಅಲ್ಲೇ ಶಾಲು ಹೊದಿಸಿಬಿಟ್ಟ.

"ಇವತ್ತು ಇಂಜಿನ್ ಪಾಠ. ಒಂದು ಬೈಕ್ ಬೇಕಲ್ಲ?"

"ಅದಕ್ಯಾಕೆ ಖರ್ಚು? ನಂದೇ ನಿಂತಿದೆ, ತಗೊಳ್ಳಿ."

ಮಧ್ಯಾಹ್ನ ಅವನು ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದಾಗ, ಅವನ ಇಂಜಿನ್ನು ಬಿಡಿಬಿಡಿಯಾಗಿ ಹಳೇ ಪೇಪರಿನ ಮೇಲೆ ಹರಡಿಕೊಂಡಿತ್ತು. ನಾನು ಕೈ ತೊಳೆಯುತ್ತಿದ್ದೆ.

"ಅಯ್ಯೋ, ಬೀಗರ ಮನೆ ಊಟಕ್ಕೆ ಹೊರಟಿದ್ದೀನಿ ಕಣ್ರೀ! ಬೇಗ ಜೋಡಿಸಿ!"

"ಶಾಲಿಗೆ ಬಿಚ್ಚೋದಷ್ಟೇ ಸಾರ್. ಜೋಡಿಸೋಕೆ ದುಡ್ಡಾಗುತ್ತೆ. ನಾಲ್ಕು ವಾರದ್ದೂ ಸೇರಿ ಎರಡು ಸಾವಿರ ಕೊಟ್ಬಿಡಿ."

ಅವನ ಮುಖ ಕೆಂಪಾಯಿತು. "ಎರಡು ಸಾವಿರವಾ? ನೀನೊಬ್ಬನೇ ಏನಯ್ಯಾ ಮೆಕ್ಯಾನಿಕ್ಕು? ನಡಿ ಆಚೆ! ನಮ್ಮ ಹುಡುಗರೂ ಕಲ್ತಿದ್ದಾರೆ." ಹುಡುಗರ ಕಡೆ ತಿರುಗಿದ. "ಏನ್ರೋ, ಜೋಡಿಸ್ತೀರಾ?"

"ಓಹೋ, ಜೋಡಿಸ್ತೀವಿ ಸಾರ್." ಮುಂದಿನ ಸಾಲಿನವನು ಕೈ ಒರೆಸಿಕೊಂಡು ಎದ್ದು ನಿಂತ. "ತಲೆಗೆ ಆರು ಸಾವಿರ."