ಕೈಸಾಳ ಒಬ್ಬನೇ ಗಂಡ

ಚಾಕುವಿನಿಂದ ಗ್ಲಾಸನ್ನು ಮೂರು ಸಲ ತಟ್ಟಿ ರುನಾರ್ ಸ್ಟಾಡಿಗ್ ಎದ್ದು ನಿಂತರು. ಮದುವೆ ಊಟಕ್ಕೆ ಕೂತಿದ್ದ ನಲವತ್ತು ಜನ ಮಾತು ನಿಲ್ಲಿಸಿದರು. ಮದುಮಗಳು ಅನ್ನೀಕಾ ಅಪ್ಪನ ಕೈ ನೋಡಿದಳು. ಭಾಷಣದ ಚೀಟಿ ಇರಬೇಕಾದ ಕೈಯಲ್ಲಿ ದಪ್ಪ ರಟ್ಟಿನ ಪುಸ್ತಕವಿತ್ತು.

ಇದು ಅವಳ ಮೂರನೆಯ ಮದುವೆ. ಮೊದಲನೆಯದಕ್ಕೆ ರುನಾರ್ ಬೆಳ್ಳಿ ಚಮಚಗಳನ್ನು ಕೊಟ್ಟಿದ್ದರು. ಎರಡನೆಯದಕ್ಕೆ ತಲೆಯೇ ಹಾಕಲಿಲ್ಲ. ಆಮೇಲೆ ನಾಲ್ಕು ವರ್ಷ ಮಾತೂ ಬಿಟ್ಟಿದ್ದರು. ಈ ಸಲ ತಾವಾಗಿಯೇ ಫೋನು ಮಾಡಿ, ಬರುತ್ತೇನೆ, ನಾಲ್ಕು ಮಾತೂ ಆಡುತ್ತೇನೆ ಎಂದಾಗ ಅನ್ನೀಕಾ ಅತ್ತುಬಿಟ್ಟಿದ್ದಳು. "ನಾಲ್ಕು ಬೇಡಪ್ಪ. ಎಲ್ಲರೆದುರು ಒಂದೇ ಒಂದು ಒಳ್ಳೇ ಮಾತಾಡು, ಸಾಕು," ಎಂದಿದ್ದಳು.

ಒಳ್ಳೆಯ ಮಾತು ರುನಾರ್ ಬಳಿ ಎಂಬತ್ತು ಪುಟವಿತ್ತು. ಅಷ್ಟನ್ನೂ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿ ತಂದಿದ್ದರು.

ಎರಡು ವರ್ಷ ಅವರು ಪತ್ರಾಗಾರದಲ್ಲಿ ಧೂಳು ಕುಡಿದಿದ್ದರು. ಹಿಂದಿನ ಪಾದ್ರಿಗಳು ಮನೆಮನೆಗೆ ಹೋಗಿ, ಯಾರಿಗೆ ಓದು ಬರುತ್ತದೆ, ಯಾರಿಗೆ ಧರ್ಮಪಾಠ ಬಾಯಿಗೆ ಬರುತ್ತದೆ ಎಂದು ಬರೆದಿಟ್ಟ ಪುಸ್ತಕಗಳು. ಸಿಪಾಯಿಗಳ ಎತ್ತರ ಅಳೆದು ಬರೆದ ದಂಡಿನ ಪಟ್ಟಿಗಳು. ರುನಾರ್ ಮೂವತ್ತು ವರ್ಷ ಹೆಡ್‌ಮಾಸ್ತರರಾಗಿದ್ದವರು. ತಪ್ಪೇನಿದ್ದರೂ ಬರೆದವನದು, ತಿದ್ದುವವನದಲ್ಲ ಎಂಬುದು ಅವರ ಜೀವನದ ಸಾರ.

ದಾಖಲೆಗಳಲ್ಲಿ ತಿದ್ದುವುದಕ್ಕೇನೂ ಕೊರತೆಯಿರಲಿಲ್ಲ. ಮೂಲಪುರುಷ ಸಿಪಾಯಿ ಆಂಡೆರ್ಸ್ ಸ್ಟಾಡಿಗ್‌ನನ್ನು ಪಾದ್ರಿ ನಡುವೆ ಹದಿನೇಳು ವರ್ಷ ಯೋನ್ ಎಂದು ಬರೆದು, ಆಮೇಲೆ ಮತ್ತೆ ಆಂಡೆರ್ಸ್ ಮಾಡಿದ್ದ. ಕುಡುಕ ಪಾದ್ರಿ, ಎಂದು ರುನಾರ್ ತೀರ್ಪು ಕೊಟ್ಟರು. ದಂಡಿನ ಪಟ್ಟಿಯಲ್ಲಿ ಐದಡಿ ಹತ್ತಂಗುಲ ಇದ್ದವನು ಐದಡಿ ಏಳಕ್ಕೆ ಕುಗ್ಗಿ, ವಯಸ್ಸಾದ ಮೇಲೆ ಎರಡಂಗುಲ ಬೆಳೆದಿದ್ದ. ಅಳತೆಗೋಲು ಸರಿಯಿರಲಿಲ್ಲ. ಮೊದಲು ಅಕ್ಷರ ಬಾರದವನು ನಲವತ್ತು ದಾಟಿದ ಮೇಲೆ ನಿರರ್ಗಳವಾಗಿ ಓದುತ್ತಿದ್ದ. ಅದು ಛಲ. ಅರವತ್ತನೇ ವಯಸ್ಸಿನಲ್ಲಿ ಅವನಿಗೆ ಕೊನೆಯ ಮಗ ಹುಟ್ಟಿದ್ದ. ರುನಾರ್ ವಂಶ ಬೆಳೆದದ್ದು ಆ ಮಗನಿಂದಲೇ. ಅದು ಕಸುವು.

ಪತ್ರಾಗಾರದ ಹೆಂಗಸು ಎರಡು ಸಲ ಹತ್ತಿರ ಬಂದು, ಆ ಕಾಲದ ಸಿಪಾಯಿಗಳ ವಿಷಯ ಒಂದು ಹೇಳಬೇಕಿತ್ತು ಎಂದಳು. ನೀನು ಹುಟ್ಟುವ ಮೊದಲೇ ನಾನು ಚರಿತ್ರೆ ಪಾಠ ಮಾಡುತ್ತಿದ್ದೆ ಎಂದು ರುನಾರ್ ಅವಳ ಬಾಯಿ ಮುಚ್ಚಿಸಿದರು. ಚರ್ಚಿನ ಮದುವೆ ಪುಸ್ತಕದಲ್ಲಿ ಆಂಡೆರ್ಸ್ ಕೈಸಾಳ ಕೈ ಹಿಡಿದ ೧೭೮೯ರ ಪುಟ ಸಿಕ್ಕಿದ ಮೇಲೆ ಅದನ್ನು ಮತ್ತೆ ತೆರೆಯಲಿಲ್ಲ. ಒಮ್ಮೆ ಮದುವೆಯಾದ ಹೆಂಗಸಿನ ಹೆಸರನ್ನು ಅಲ್ಲಿ ಇನ್ನೊಮ್ಮೆ ಹುಡುಕುವುದು ಮರ್ಯಾದಸ್ಥರ ಕೆಲಸವಲ್ಲ.

ಈಗ ಅವರು ಗಂಟಲು ಸರಿಮಾಡಿಕೊಂಡು ಓದತೊಡಗಿದರು. ಊರು ತನ್ನ ಸಿಪಾಯಿಗೆ ಕೊಟ್ಟ ಎಂಬತ್ತಮೂರನೆಯ ನಂಬರಿನ ಗುಡಿಸಲು. ನಲವತ್ತೊಂದು ವರ್ಷ ಅದೇ ಸೂರು, ಅದೇ ಹೆಂಡತಿ ಕೈಸಾ, ಅದೇ ಗಂಡ ಸ್ಟಾಡಿಗ್. ಮೂರು ಯುದ್ಧ, ಒಂಬತ್ತು ಮಕ್ಕಳು. ಎಪ್ಪತ್ತಾರನೇ ವಯಸ್ಸಿನವರೆಗೂ ಬಂದೂಕು ಹೊತ್ತ ಕೈ. ಮದುಮಗ ಯೂರಾನ್, ಬಸ್ ಡ್ರೈವರ್, ಒಳ್ಳೆಯ ಮನುಷ್ಯ, ಎಪ್ಪತ್ತಾರಾ ಎಂದು ಮೆಲ್ಲಗೆ ಕೇಳಿದ. ರುನಾರ್ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಪುಸ್ತಕ ಮಡಚಿ ಮಗಳನ್ನು ನೋಡಿದರು. "ಒಂದು ಮನೆ, ಒಬ್ಬಳೇ ಹೆಂಡತಿ, ಒಬ್ಬನೇ ಗಂಡ. ಅಂಥ ರಕ್ತ ನಮ್ಮದು. ಈ ಮೂರು ಮೂರು ಮದುವೆ ಎಲ್ಲಿಂದ ಬಂತೋ, ನಾನು ಯಾವ ದಾಖಲೇಲೂ ಕಾಣಲಿಲ್ಲ."

ಯಾರೂ ನಗಲಿಲ್ಲ. ಅನ್ನೀಕಾ ತಲೆ ತಗ್ಗಿಸಿದಳು. ಕಣ್ಣೀರು ತಟ್ಟೆಯ ಪಕ್ಕದ ಬಿಳಿ ಬಟ್ಟೆಯ ಮೇಲೆ ಬಿತ್ತು. ಯೂರಾನ್ ಅವಳ ಕೈ ಹಿಡಿದುಕೊಂಡ. ರುನಾರ್‌ಗೆ ತೃಪ್ತಿಯಾಯಿತು. ತರಗತಿಯಲ್ಲಿ ಇಂಥ ಮೌನ ಬಿದ್ದಾಗ ಪಾಠ ತಲೆಗೆ ಹತ್ತಿದೆ ಎಂದೇ ಅವರು ತಿಳಿದಿದ್ದರು.

ಮೇಜಿನ ಕೊನೆಯಲ್ಲಿ ಅವರ ಸೋದರತ್ತೆ ಹಿಲ್ಲೆವಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದರು. ತೊಂಬತ್ತೆರಡು ವರ್ಷ. ಎರಡು ವರ್ಷದಲ್ಲಿ ರುನಾರ್ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಮುದುಕಿಯರ ಮಾತು ದಾಖಲೆಯಲ್ಲವಲ್ಲ.

"ಯಾವ ಸ್ಟಾಡಿಗ್ ವಿಷಯ ಹೇಳ್ತಿದೀಯೋ?" ಎಂದರು ಅತ್ತೆ.

"ಇದ್ದವನೇ ಒಬ್ಬ ಅತ್ತೆ."

"ಸ್ಟಾಡಿಗ್ ಅನ್ನೋದು ಆ ಗುಡಿಸಲಿಗೆ ಅಂಟಿದ ಹೆಸರು ಕಣೋ. ಸಿಪಾಯಿ ಸತ್ತರೆ ಊರೋರು ಇನ್ನೊಬ್ಬನ್ನ ಹಿಡ್ಕೊಂಡು ಬರೋರು. ಅವನಿಗೂ ಅದೇ ಗುಡಿಸಲು, ಅದೇ ಹೆಸರು. ಸತ್ತವನ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬೀದಿಗೆ ಬೀಳ್ಬೇಕು, ಇಲ್ಲಾಂದ್ರೆ ಬಂದವನ್ನೇ ಮದುವೆ ಆಗ್ಬೇಕು. ಕೈಸಾ ಮದುವೆ ಆದ್ಲು. ಮೊದಲನೆಯವನು ಜ್ವರದಲ್ಲಿ ಹೋದ. ಆಮೇಲೆ ಬಂದ ಕುಳ್ಳ ಯೋನ್ ಫಿನ್‌ಲ್ಯಾಂಡ್ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಇನ್ನೊಬ್ಬ ಆಂಡೆರ್ಸ್ ಬಂದ. ಇದನ್ನೆಲ್ಲ ನಮ್ಮಜ್ಜಿ ನನಗೆ ಹೇಳಿದ್ರು. ನಿನಗೆ ಯಾರೂ ಹೇಳಲಿಲ್ವೇ?"

ರುನಾರ್ ಪುಸ್ತಕ ತೆರೆದರು. ಐದಡಿ ಹತ್ತು. ಐದಡಿ ಏಳು. ಐದಡಿ ಒಂಬತ್ತು. ಪಾಪ, ಆ ಪಾದ್ರಿ ಒಂದು ತೊಟ್ಟೂ ಕುಡಿದಿರಲಿಲ್ಲ. ಅವರ ಬೆರಳು ಕೊನೆಯ ಮಗ ಹುಟ್ಟಿದ ಇಸವಿಯ ಮೇಲೆ ನಿಂತಿತು, ಅಲ್ಲಿಂದ ಏಳಲಿಲ್ಲ.

ಹಿಲ್ಲೆವಿ ಅತ್ತೆ ತಮ್ಮ ಗ್ಲಾಸನ್ನು ಮದುಮಗನ ಕಡೆಗೆ ಎತ್ತಿದರು. "ಮೂರನೆಯವನ ಹೆಸರಲ್ಲಿ ಕುಡೀರಪ್ಪ ಎಲ್ಲರೂ. ಅವನು ಬರದೇ ಇದ್ದಿದ್ರೆ ಈ ಭಾಷಣ ಬಿಗಿಯೋಕೆ ನೀನೇ ಹುಟ್ತಿರಲಿಲ್ಲ, ರುನಾರ್."