ಬೆನ್ನಿನ ಸದ್ದು

ಕಸ್ತೂರೆವ್ವ ಒಲೆ ಊದುತ್ತಿರುವಾಗಲೇ ಬಾವಿಯ ಮೇಸ್ತ್ರಿ ಸಂಗನಬಸು ಬಾಗಿಲಿಗೆ ಬಂದ. "ಹೊಳಿ ಕೆಂಪಾಗಿ ಬಂದೈತಿ, ಲಗೂನ ಬಾರವ್ವ."

ಕೆಸರುನೀರನ್ನು ಹಾಗೇ ಇಂಗುಬಾವಿಗೆ ಬಿಟ್ಟರೆ ನೆಲ ನೀರು ಕುಡಿಯುವುದಿಲ್ಲ. ಅದಕ್ಕೇ ಮನೆಗೊಬ್ಬ ಹೆಂಗಸು ಹೊಳೆದಂಡೆಯ ಬಾವಿಕಟ್ಟೆಯ ಮೇಲೆ ಕೂತು ಎಡಗೈಯನ್ನು ಹೊಳೆಗೆ ಅದ್ದುತ್ತಾಳೆ. ಬಲಗೈ ಬೆರಳುಗಳಿಂದ ತಿಳಿನೀರು ಬಾವಿಗಿಳಿಯುತ್ತದೆ. ಹೂಳು ಅವಳ ಮೈಯಲ್ಲೇ ಉಳಿಯುತ್ತದೆ. ತುಂಬಿದವರನ್ನು ಹೊಳೆಯ ಒಡ್ಡಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಕಸ್ತೂರೆವ್ವನ ಅತ್ತೆ ಆ ಸಾಲಿನಲ್ಲಿ ಮೂರನೆಯವಳು. ದಿನವೂ ಆ ದಾರಿಯಲ್ಲಿ ಹೋಗುವಾಗ ಏಳು ವರ್ಷದ ಮಗಳು ನಿಂಬೆವ್ವ ಅಜ್ಜಿಯ ಕಣ್ಣು ನೋಡಿ, ಏನನ್ನೋ ಕೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದಳು.

ಗಡಿಗೆ ಕೊಳ್ಳುವವರಂತೆ ಮೇಸ್ತ್ರಿ ಮೊದಲು ಬೆನ್ನು ತಟ್ಟಿ ನೋಡುತ್ತಾನೆ. ತಿಂಗಳಿಂದ ಕಸ್ತೂರೆವ್ವ ಆ ಹೊತ್ತಿಗೆ ಸರಿಯಾಗಿ ಉಸಿರು ತುಂಬಿಕೊಂಡು, ಒಳಗಿನ್ನೂ ಜಾಗವಿದೆಯೆಂದು ನಂಬಿಸಿದ್ದಳು. ಇವತ್ತು ಉಸಿರೆಲ್ಲ ಒಲೆಗೆ ಹೋಗಿತ್ತು. ಬೆನ್ನು ಹಸಿಗೋಡೆಯಂತೆ ದಪ್ಪೆಂದಿತು.

"ಗಂಟಲ ಮಟ ಬಂದೈತಲ್ಲವ್ವ! ಇವತ್ತಿಗೆ ನಿಂದು ಮುಗೀತು. ನಾಳಿಂದ ಮಗಳ್ನ ಕಳಸು."

"ಇನ್ನೊಂದು ವರ್ಷ ತಡಕೊಳ್ರಿ ಅಣ್ಣಾರ, ಕೂಸು ಅದು."

"ನಾ ತಡಕೊಂಡೇನು, ಹೊಳಿ ತಡಕೋಬೇಕಲ್ಲ?" ಎಂದು ನಗುತ್ತ ಅವನು ನಿಂಬೆವ್ವನ ಬೆನ್ನಿಗೂ ಬೆರಳು ಬಡಿದ. ಹೊಸ ಕೊಡದಂತೆ ಠಣ್ಣೆಂದಿತು. "ಭಾಳ ಜಾಗ ಐತಲೇ ನಿನ್ನೊಳಗ!"

ಅವನು ಹೊರಗೆ ಕಾಯುತ್ತ ನಿಂತ. ಕಸ್ತೂರೆವ್ವ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಳೆ ನೀರಿಗಿಳಿಯುವ ಅವಳ ಎಡಗೈಯಿಂದ ಹಸಿರು ಬಳೆಗಳನ್ನು ನೋಯದ ಹಾಗೆ ಒಂದೊಂದಾಗಿ ಕಳಚಿದಳು.

ಕೊನೆಯ ಬಳೆ ಕಳಚುವಾಗ ನಿಂಬೆವ್ವ ಕೇಳಿದಳು: "ಯವ್ವಾ, ಒಡ್ಡಿನ್ಯಾಗ ನಿಂತ ಅಜ್ಜಿಗೆ ಇನ್ನೂ ಎಚ್ಚರ ಐತೇನ?"